ಇತರೆ ಪುಸ್ತಕಗಳು, ನಾಲ್ಕು

ಕೌದಳ್ಳಿ ಕಡೆಯಿಂದ ಬರುವ ಬಸ್ಸು ಹನೂರಿನೊಳಕ್ಕೆ ತಿರುಗುತ್ತಿದ್ದಂತೆ ಕಂಡಕ್ಟರು ಇವತ್ತಿಗೂ “ಬ್ಯಾಂಕು, ಬ್ಯಾಂಕು, ಯಾರ್ರೀ ಬ್ಯಾಂಕು” ಎಂದು ಕೂಗುತ್ತಾನೆ. ಇಳಿದು ನೋಡಿದರೆ ಅಲ್ಲಿ ಬ್ಯಾಂಕಿಲ್ಲ. ಒಂದು ಬೇಕರಿ ಇದೆ, ಪಕ್ಕದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಬ್ಯಾಂಕು ಅಲ್ಲಿಂದ ಎದ್ದುಹೋದದ್ದು ನಾನು ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ಮುಂಚೆ. ಆಮೇಲೆ ಅದು ಸಂತೆಬೀದಿಗೆ ಹೋಯಿತು, ಅಲ್ಲಿಂದ ಮುಖ್ಯರಸ್ತೆಯ ಹೊಸ ಕಟ್ಟಡಕ್ಕೆ ಹೋಯಿತು, ಬೇರೆ ಬ್ಯಾಂಕಿನ ಜೊತೆ ಸೇರಿ ಹೆಸರನ್ನೂ ಬದಲಾಯಿಸಿಕೊಂಡಿತು. ಸ್ಟಾಪು ಮಾತ್ರ ಬ್ಯಾಂಕ್ ಸ್ಟಾಪಾಗಿಯೇ ಉಳಿದಿದೆ. ಹೊಸಬರು ಪಾಸ್‌ಬುಕ್ ಕೈಯಲ್ಲಿ ಹಿಡಿದು ಬೇಕರಿಯೊಳಗೆ ಇಣುಕುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಆ ಜಾಗದಲ್ಲಿ ಬ್ಯಾಂಕು ಹೇಗೆ ಬಂತು, ಯಾರ ಮನೆಯಲ್ಲಿ ಕೂತಿತ್ತು ಎಂಬುದೆಲ್ಲ ಒಬ್ಬರಿಗೆ ಗೊತ್ತಿತ್ತು. ಅವರು ಹೋದ ತಿಂಗಳು ತೀರಿಕೊಂಡರು. ಬ್ಯಾಂಕಿನಲ್ಲಿ ನಾವೆಲ್ಲ ಅವರನ್ನು ದಫ್ತರಿ ಎಂದೇ ಕರೆಯುತ್ತಿದ್ದೆವು. ಹಳೆಯ ಬ್ಯಾಂಕುಗಳಲ್ಲಿ ಅದೊಂದು ಹುದ್ದೆ. ದಿನದ ಚೀಟಿಗಳನ್ನೆಲ್ಲ ಜೋಡಿಸಿ, ದಬ್ಬಣದಿಂದ ಹೊಲಿದು, ಕಟ್ಟು ಮಾಡಿ, ರೆಕಾರ್ಡ್ ರೂಮಿನಲ್ಲಿಟ್ಟು ಕಾಯುವುದು ಅವರ ಕೆಲಸ. ಕಂಪ್ಯೂಟರ್ ಬಂದ ಮೇಲೆ ಆ ಹುದ್ದೆಯೂ ಹೋಯಿತು, ಹೆಸರೂ ಹೋಯಿತು.

ನಾನು ಮಾಂಬಳ್ಳಿಯವಳು. ಆಫೀಸರ್ ಆಗಿ ಬಡ್ತಿ ಪಡೆದು ಹನೂರು ಶಾಖೆಗೆ ಬಂದಾಗ ನನ್ನಲ್ಲಿ ಬಿಗುಮಾನ ಸಾಕಷ್ಟಿತ್ತು. ಮೊದಲ ದಿನ ರೆಕಾರ್ಡ್ ರೂಮಿನ ಬಾಗಿಲಲ್ಲಿ ಖಾಕಿ ಅಂಗಿ, ಹೆಗಲ ಮೇಲೆ ಟವೆಲ್ಲು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡ ಒಬ್ಬರು ನಿಂತಿದ್ದರು. ದಬ್ಬಣ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಕಾಯಿಗಟ್ಟಿತ್ತು. “ಯಾವೂರು ಮೇಡಂ?” ಎಂದರು. ಮಾಂಬಳ್ಳಿ ಎಂದೆ. “ಅಂಗಾರೆ ನೀವು ಮಹಾರಾಜ್ರ ಕಡೆಯವ್ರು. ನಾವು ಮದ್ರಾಸ್ನೋರು. ನಿಮ್ಗೂ ನಮ್ಗೂ ದೇಶವೇ ಬ್ಯಾರೆ” ಎಂದು ನಗದೆ ಹೇಳಿದರು. ಇವರಿಗೇನೋ ತಲೆ ಕೆಟ್ಟಿರಬೇಕು ಅಂದುಕೊಂಡೆ.

ಆಮೇಲೊಂದು ದಿನ ಬ್ಯಾಂಕಿನ ಜೀಪಿನಲ್ಲಿ ಯಳಂದೂರಿಗೆ ಹೋಗಿ ಕೊಳ್ಳೇಗಾಲದ ದಾರಿಯಾಗಿ ವಾಪಸ್ಸು ಬರುವಾಗ ಅವರು ಡ್ರೈವರಿಗೆ ನಿಲ್ಲಿಸಲು ಹೇಳಿದರು. ರಸ್ತೆಪಕ್ಕದ ಕಬ್ಬಿನ ಗದ್ದೆಯಂಚಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿತ್ತು. “ಆಗ ಇದ್ರಿಂದಾಚೆ ನಿಮ್ಮ ಮೈಸೂರು, ಈಚೆ ಮದ್ರಾಸ್ಗೆ ಸೇರಿದ್ದ ನಮ್ಮ ಕೊಯಮತ್ತೂರು ಜಿಲ್ಲೆ. ನಮ್ಮಪ್ಪ ಎಳ್ನೀರು ಒತ್ಕಂಡು ನಿಮ್ಮೂರ ಸಂತೆಗೆ ಓಗ್ತಿದ್ದಾಗ ಇಲ್ಲಿ ತಡ್ದು ಕೇಳೋರಂತೆ. ರಾಜ್ಯ ಒಂದಾಯ್ತು, ಕಲ್ಲಿಗೆ ಯಾರೂ ಏಳಿಲ್ಲ ನೋಡಿ, ಇನ್ನೂ ಕಾಯ್ತಾ ಕುಂತದ” ಎಂದರು. ಆಗ ನನಗೆ ನಗು ಬಂತು. ಆ ರಸ್ತೆಯಲ್ಲಿ ನೂರಾರು ಸಲ ಓಡಾಡಿದ್ದರೂ ನಾನು ಆ ಕಲ್ಲನ್ನು ನೋಡಿರಲಿಲ್ಲ. ರಸ್ತೆ ಅಗಲ ಮಾಡಿದಾಗ ಅದು ಹೋಯಿತು.

ಅವರ ಬಳಿ ನಾಲ್ಕು ಪುಸ್ತಕಗಳಿದ್ದವು. ಬ್ಯಾಂಕಿನಲ್ಲಿ ಬರೆದು ಉಳಿದ ಹಳೆಯ ಲೆಡ್ಜರುಗಳ ಖಾಲಿ ಹಾಳೆ ಕಿತ್ತು, ತಾವೇ ಹೊಲಿದು, ರಟ್ಟು ಹಾಕಿದ್ದು. ಅದಕ್ಕೆ ಗುರುತಿನ ಪುಸ್ತಕ ಅನ್ನುತ್ತಿದ್ದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಡೋರ್ ನಂಬರ್ ಎಂಬುದು ಸರ್ಕಾರದ ಕಾಗದಕ್ಕಷ್ಟೇ. ಮನುಷ್ಯರನ್ನು ಹುಡುಕಬೇಕಾದರೆ ಮರ, ಬಾವಿ, ಗುಡಿ, ಕಟ್ಟೆ ಬೇಕು. ದಫ್ತರಿಯವರು ಬ್ಯಾಂಕಿನ ಕಾಗದ ಹಿಡಿದು ನಡೆದ ಪ್ರತಿ ಹಳ್ಳಿಗೂ ಒಂದೊಂದು ಹಾಳೆ ಇಟ್ಟಿದ್ದರು. ದೂರವನ್ನು ಅವರು ಕಿಲೋಮೀಟರಿನಲ್ಲಿ ಬರೆಯುತ್ತಿರಲಿಲ್ಲ. “ಆಲದ ಮರದಿಂದ ಒಂದು ಎಲೆಅಡಿಕೆ ಮುಗಿಯುವಷ್ಟು” ಎಂದು ಬರೆಯುತ್ತಿದ್ದರು. ಮರ ಕಡಿದರೆ ಆ ಹೆಸರನ್ನು ಹೊಡೆದುಹಾಕುತ್ತಿರಲಿಲ್ಲ. ಪಕ್ಕದಲ್ಲಿ “ಈಗಿಲ್ಲ, ಆದರೂ ಹೀಗೇ ಕೇಳಬೇಕು” ಎಂದು ಸೇರಿಸುತ್ತಿದ್ದರು.

ಒಮ್ಮೆ ಮಾರ್ಟಳ್ಳಿಯ ಒಬ್ಬ ವಿಧವೆಗೆ ಗಂಡನ ಠೇವಣಿಯ ಬಗ್ಗೆ ಕಳಿಸಿದ್ದ ರಿಜಿಸ್ಟರ್ ಕಾಗದ ಮೂರು ಸಲ ಹಿಂದಕ್ಕೆ ಬಂತು. ಅದೇ ಹೆಸರಿನವರು ಅಲ್ಲಿ ಆರು ಜನ. ನಾನು ಕೈಚೆಲ್ಲಿ ಕೂತಿದ್ದೆ. ದಫ್ತರಿಯವರು ಎರಡನೇ ಪುಸ್ತಕ ತೆಗೆದು ಬೆರಳಾಡಿಸಿ, “ಗಂಡ ಬಾವಿ ತೋಡೋನಲ್ವಾ? ಅಂಗಾರೆ ಉಣ್ಸೆಮರದ ಮನೆ. ಮರ ಈಗಿಲ್ಲ” ಎಂದರು. ಮರುದಿನ ಅವರ ಜೊತೆ ನಾನೂ ಹೋದೆ. ಊರಿನ ಬಾಯಲ್ಲಿ ನಿಂತು, ಅಲ್ಲಿಯವರು ಆಡುವ ತಮಿಳಿನಲ್ಲಿ ಹುಣಸೆಮರದ ಮನೆ ಎಲ್ಲಿ ಎಂದು ಕೇಳಿದರು. ಆ ಮರವೇ ಇಲ್ಲದ ಊರಿನಲ್ಲಿ ಒಬ್ಬಾಕೆ ಕೈ ಚಾಚಿ ಮನೆ ತೋರಿಸಿದಳು. ಆ ವಿಧವೆ ಕಾಗದ ಹಿಡಿದು ಅತ್ತಾಗ ನಾನು ದಫ್ತರಿಯವರನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ.

ಹಳ್ಳಿಯ ಗುರುತುಗಳು ಪುಸ್ತಕದ ಒಂದು ಕಡೆಯಿಂದ ಶುರುವಾದರೆ, ಇನ್ನೊಂದು ಕಡೆಯಿಂದ ಬ್ಯಾಂಕುಗಳ ಕಥೆ ಶುರುವಾಗುತ್ತಿತ್ತು. ನಮ್ಮ ಬ್ಯಾಂಕು ಮಾತ್ರವಲ್ಲ, ಹನೂರು, ಕೊಳ್ಳೇಗಾಲ, ಯಳಂದೂರು ಈ ಮೂರು ಊರಿನ ಎಲ್ಲ ಬ್ಯಾಂಕುಗಳದ್ದೂ. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರ ಮನೆಯ ಹೊಸ್ತಿಲ ಮೇಲಿನ ಗೋಡೆಯಲ್ಲಿ ಸುಣ್ಣ ಉದುರಿದಾಗಲೆಲ್ಲ ತಮಿಳು ಅಕ್ಷರ ಕಾಣುತ್ತಿತ್ತಂತೆ. ಕೊಯಮತ್ತೂರಿನ ಯಾವುದೋ ಮುಳುಗಿಹೋದ ಬ್ಯಾಂಕಿನ ಬೋರ್ಡು ಅದು. ಯಳಂದೂರಿನಲ್ಲಿ ಒಂದು ಸಹಕಾರ ಬ್ಯಾಂಕಿನ ಮುಂದೆ ಕಲ್ಲಿನ ಬಾನಿ ಇತ್ತಂತೆ. ಗಿರಾಕಿಗಳ ಎತ್ತಿಗೆ ನೀರು ಕುಡಿಸಲು ಇಟ್ಟದ್ದು. ಸಂತೆಬೀದಿಯ ನಮ್ಮ ಕಟ್ಟಡದ ಹಿಂದಿನ ಗೋಡೆಯಲ್ಲಿ ಒಂದಾಳೆತ್ತರ ಬೇರೆ ಬಣ್ಣದ ಇಟ್ಟಿಗೆ ಇತ್ತು. ತಿಜೋರಿ ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆದು ಒಳಗೆ ತಂದದ್ದರ ಗುರುತು ಅದು. ಇವನ್ನೆಲ್ಲ ಹಾಳೆ ತಿರುವುತ್ತಾ ಕೇಳಿದ್ದೆ. ನನಗೆ ನೆನಪಿರುವುದು ಇಂಥ ಏಳೆಂಟು ಮಾತ್ರ.

ಅವರ ಇನ್ನೊಂದು ಗುಣ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಮ್ಮೆ ಮ್ಯಾನೇಜರರು ಮಗಳ ಜಾತಕವನ್ನು ಕೈತಪ್ಪಿ ಚೀಟಿಗಳ ಟ್ರೇಯಲ್ಲಿ ಇಟ್ಟುಬಿಟ್ಟರು. ಸಂಜೆ ನೆನಪಾಗಿ ರೆಕಾರ್ಡ್ ರೂಮಿಗೆ ಓಡಿದರೆ ಅಷ್ಟರಲ್ಲಿ ಕಟ್ಟು ಹೊಲಿದಾಗಿತ್ತು. ಮೇಲೆ ಸಹಿಯೂ ಬಿದ್ದಿತ್ತು.

“ಬಿಚ್ಚಯ್ಯ ಸ್ವಲ್ಪ, ಜಾತ್ಕ ತಕ್ಕೋತೀನಿ.”

“ಸೈನ್ ಆದ್ಮ್ಯಾಲೆ ಬಿಚ್ಚಂಗಿಲ್ಲ ಸಾ.”

“ಸೈನ್ ಮಾಡಿರೋದು ನಾನೇ ಕಣಯ್ಯ.”

“ಅದ್ಕೇ ಸಾ ಬಿಚ್ಚಂಗಿಲ್ಲ. ಬರ್ದು ಕೊಡಿ, ಇಬ್ರು ಸೈನ್ ಹಾಕಿ, ಬಿಚ್ತೀನಿ.”

ಗಂಡಿನ ಕಡೆಯವರು ಮನೆಯಲ್ಲಿ ಕೂತಿದ್ದರು. ಮ್ಯಾನೇಜರರು ತಮ್ಮ ಮಗಳ ಜಾತಕ ಬಿಡಿಸಿಕೊಳ್ಳಲು ಅರ್ಜಿ ಬರೆದರು. ಎರಡನೇ ಸಹಿ ನಾನೇ ಹಾಕಿದೆ. ವರ್ಷಗಟ್ಟಲೆ ನಾವು ಅದನ್ನು ಹೇಳಿಕೊಂಡು ನಕ್ಕೆವು. ಸಹಿ ಹಾಕಿದವರು ಓದಿಯೇ ಹಾಕಿರುತ್ತಾರೆ ಎಂದು ನಂಬಿದ್ದ ಕೊನೆಯ ಮನುಷ್ಯ ಅವರೇ ಇರಬೇಕು.

ಅವರು ನಿವೃತ್ತರಾಗುವ ಹೊತ್ತಿಗೆ ಮುಖ್ಯರಸ್ತೆಯ ಹೊಸ ಕಟ್ಟಡ ಸಿದ್ಧವಾಗುತ್ತಿತ್ತು. ಬೀಳ್ಕೊಡುಗೆಯ ದಿನ ಹಾರ, ಶಾಲು, ಮೈಸೂರುಪಾಕು ಎಲ್ಲ ಮುಗಿದ ಮೇಲೆ ಅವರು ರೆಕಾರ್ಡ್ ರೂಮಿಗೆ ಹೋಗಿ ಹಳದಿ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು.

“ನಂದು ಒಟ್ಟು ನಾಕು ಪುಸ್ತ್ಕ. ಮನೇಲಿಟ್ರೆ ಗೆದ್ಲು ತಿಂತದ, ಇಲ್ದಿದ್ರೆ ಮೊಮ್ಮಕ್ಳು ಅರೀತವ. ಬ್ಯಾಂಕ್ನಲ್ಲೇ ಇರ್ಲಿ. ಒಂದಾಸೆ ಮೇಡಂ. ಒಸ ಬಿಲ್ಡಿಂಗ್ ಗ್ವಾಡೆ ಮ್ಯಾಲೆ ಒಂದು ಬೋರ್ಡ್ ಬರ್ಸಿ. ಈ ಬ್ಯಾಂಕು ಮೊದ್ಲು ಎಲ್ಲಿತ್ತು, ಯಾರು ಜಾಗ ಕೊಟ್ರು, ಆಮೇಲೆ ಎಲ್ಲಿಗೋಯ್ತು ಅಂತ. ನಾಕು ಸಾಲು ಸಾಕು.”

“ಖಂಡಿತ ಬರೆಸ್ತೀನಿ” ಎಂದೆ. ಸುಳ್ಳು ಹೇಳಲಿಲ್ಲ, ಬರೆಸುವ ಮನಸ್ಸು ನಿಜವಾಗಿಯೂ ಇತ್ತು. ಗಂಟನ್ನು ರೆಕಾರ್ಡ್ ರೂಮಿನ ಕಬ್ಬಿಣದ ರ‍್ಯಾಕಿನ ಮೇಲಿಟ್ಟೆ. ಅದರ ಮೇಲೆ ಒಂದು ಚೀಟಿ ಅಂಟಿಸಿದ್ದರೆ ಸಾಕಾಗಿತ್ತು. ನಾಳೆ ಅಂಟಿಸೋಣ ಅಂದುಕೊಂಡೆ.

ಎರಡು ತಿಂಗಳ ಮೇಲೆ ಕಟ್ಟಡ ಬದಲಾಯಿಸಿದೆವು. ಅವಧಿ ಮೀರಿದ ಹಳೆಯ ದಾಖಲೆಗಳನ್ನು ಪಟ್ಟಿ ಮಾಡಿ, ಆಫೀಸರ್ ಸಹಿ ಹಾಕಿ, ಗೋಣಿಚೀಲದಲ್ಲಿ ಹೊಲಿದು, ಕಾಗದದ ಕಾರ್ಖಾನೆಗೆ ಕಳಿಸಬೇಕು. ಅಲ್ಲಿ ನೀರಿನಲ್ಲಿ ಕೊಳೆಸಿ ಹೊಸ ಕಾಗದ ಮಾಡುತ್ತಾರೆ. ಪಟ್ಟಿ ಬರೆದ ಗುಮಾಸ್ತನಿಗೆ ಹಳದಿ ಗಂಟು ಏನೆಂದು ಗೊತ್ತಿರಲಿಲ್ಲ. ಹದಿನಾಲ್ಕು ಹಾಳೆಯ ಆ ಪಟ್ಟಿಯನ್ನು ನಾನು ಹೊಸ ಕಟ್ಟಡದಲ್ಲಿ ಕಂಪ್ಯೂಟರಿನವನ ಜೊತೆ ಜಗಳವಾಡುತ್ತ ಒಂದು ಕೈಯಲ್ಲಿ ಸಹಿ ಹಾಕಿ ಕಳಿಸಿದೆ. ಒಂದು ಹಾಳೆಯನ್ನೂ ಓದಲಿಲ್ಲ.

ವಾರದ ಮೇಲೆ ಗಂಟಿನ ನೆನಪಾಗಿ ಹುಡುಕಿಸಿದೆ. ಸಿಗಲಿಲ್ಲ. ಪಟ್ಟಿಯ ನಕಲು ತೆಗೆದು ನೋಡಿದೆ. ಹನ್ನೊಂದನೇ ಹಾಳೆಯ ಕೊನೆಯಲ್ಲಿ “ಇತರೆ ಪುಸ್ತಕಗಳು, ನಾಲ್ಕು” ಎಂದಿತ್ತು. ಕೆಳಗೆ ನನ್ನ ಸಹಿ. ಕಾರ್ಖಾನೆಗೆ ಫೋನ್ ಮಾಡಿದೆ. ಲೋಡ್ ಬಂದ ದಿನವೇ ನೀರಿಗೆ ಹಾಕಿದೆವು ಎಂದರು. ಅವತ್ತೇ ಅವರ ಮನೆಗೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಆಫೀಸರ್ ಆದವಳು ದಫ್ತರಿಯ ಮುಂದೆ ತಲೆತಗ್ಗಿಸುವುದು ಹೇಗೆ ಎಂಬ ಬಿಗುಮಾನ ಆಗಲೂ ಇತ್ತು. ಅದನ್ನು ಬೇರೆ ಹೆಸರಿನಿಂದ ಕರೆಯುವುದು ಬೇಡ.

ಮುಂದಿನ ತಿಂಗಳ ಮೊದಲ ವಾರ ಪಿಂಚಣಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು, “ನಿಮ್ಮ ಪುಸ್ತಕ ಸ್ಟ್ರಾಂಗ್ ರೂಮಿನಲ್ಲಿ ಭದ್ರವಾಗಿದೆ. ಬೋರ್ಡು ಬರೆಸೋಣ, ಸ್ವಲ್ಪ ಟೈಮ್ ಕೊಡಿ” ಎಂದುಬಿಟ್ಟೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, “ಇರ್ಲಿ ಬುಡಿ ಮೇಡಂ” ಎಂದರು. ಪಾರಾದೆ ಅಂದುಕೊಂಡೆ.

ಅಲ್ಲಿಂದ ಮುಂದೆ ನಾನು ಹನೂರಿನಲ್ಲಿದ್ದ ನಾಲ್ಕು ವರ್ಷವೂ ಅವರು ತಿಂಗಳಿಗೊಮ್ಮೆ ಬಂದರು. ಪಿಂಚಣಿ ತೆಗೆದುಕೊಂಡು ಸುಮ್ಮನೆ ಹೊರಟುಹೋಗುತ್ತಿರಲಿಲ್ಲ. ನನ್ನ ಮೇಜಿನ ಮುಂದೆ ಬಂದು ನಿಲ್ಲುವರು. ಕೂರಿ ಎಂದರೆ ಕೂರುತ್ತಿರಲಿಲ್ಲ. “ಮೇಡಂ, ಕೌದಳ್ಳಿ ಕಟ್ಟೆ ತಾವ ಮೊದ್ಲು ಒಂದು ಸುಂಕದ ಮನೆ ಇತ್ತು” ಎಂದು ಶುರುಮಾಡುವರು. ಪ್ರತಿ ತಿಂಗಳೂ ಒಂದೇ ಒಂದು ಗುರುತು, ಅಥವಾ ಒಂದೇ ಒಂದು ಬ್ಯಾಂಕಿನ ಕಥೆ. ಹೇಳುವಾಗ ಕಣ್ಣು ನನ್ನ ಕೈಯಲ್ಲಿದ್ದ ಪೆನ್ನಿನ ಮೇಲಿರುತ್ತಿತ್ತು. ನಿವೃತ್ತರಾದವರಿಗೆ ಹೊತ್ತು ಹೋಗುವುದಿಲ್ಲ, ಪಾಪ, ಅಂದುಕೊಳ್ಳುತ್ತಿದ್ದೆ. ಮೊದಮೊದಲು ಹೂಂಗುಟ್ಟಿದೆ. ಆಮೇಲೆ ಹೂಂಗುಟ್ಟುತ್ತಾ ಕಂಪ್ಯೂಟರ್ ನೋಡಿದೆ. ಕೊನೆಗೆ ಮಾತು ಮೊಟಕುಮಾಡಲು ನನಗೊಂದು ಸುಲಭದ ಉಪಾಯ ಸಿಕ್ಕಿತು. “ಅದೆಲ್ಲಾ ನಿಮ್ಮ ಪುಸ್ತಕದಲ್ಲಿದೆಯಲ್ಲ, ನಾನು ಓದ್ಕೋತೀನಿ” ಎನ್ನುತ್ತಿದ್ದೆ.

“ಊಂ, ಅದ ಅದ” ಎಂದು ಅವರು ಟವೆಲ್ಲು ಕೊಡವಿಕೊಂಡು ಹೊರಡುತ್ತಿದ್ದರು.

ಒಂದು ತಿಂಗಳು ಬ್ಯಾಂಕ್ ಸ್ಟಾಪಿನ ಕಥೆ ಶುರುಮಾಡಿದರು. ಚೆನ್ನಾಗಿ ನೆನಪಿದೆ, ಸೋಮವಾರ, ಕೌಂಟರಿನ ಮುಂದೆ ಜನವೋ ಜನ. “ಬ್ಯಾಂಕ್ನೋರು ಬಂದಾಗ ಊರ್ನಲ್ಲಿ ಒಬ್ರೂ ಮನೆ ಕೊಡ್ನಿಲ್ಲ ಮೇಡಂ. ಕಾಡು ಪಕ್ದೂರು, ದುಡ್ಡಿರೋ ಕಡೆ ಕಳ್ರು ಬತ್ತಾರೆ ಅಂತ ಭಯ. ಕೊನೆಗೆ ಕೊಟ್ಟೋಳು ಒಬ್ಳು ಎಂಗ್ಸು. ಗಂಡ ಇಲ್ಲ, ಮಕ್ಳಿಲ್ಲ. ಮುಂದ್ಲ ಪಡಸಾಲೆ ಬ್ಯಾಂಕಿಗೆ ಬುಟ್ಟು ತಾನು ಇಂದ್ಲ ಅಡುಗೆಮನೇಲಿ ಇದ್ಳು. ಆವಮ್ಮನ ಎಸ್ರು ಕೇಳುದ್ರೆ...” ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಾನು ರಿಸೀವರ್ ಎತ್ತುತ್ತಾ, “ಪುಸ್ತಕದಲ್ಲಿದೆಯಲ್ಲ” ಎಂದೆ. ಫೋನಿಟ್ಟು ತಲೆಯೆತ್ತಿದಾಗ ಅವರಿರಲಿಲ್ಲ.

ಆಮೇಲೆ ನನಗೆ ಕೊಳ್ಳೇಗಾಲಕ್ಕೆ ವರ್ಗವಾಯಿತು. ಅಲ್ಲಿಗೂ ಎರಡು ಸಲ ಬಸ್ಸು ಹತ್ತಿ ಬಂದರು. ಎರಡನೇ ಸಲ ನಾನು ಮೀಟಿಂಗಿನಲ್ಲಿದ್ದೆ. ಅರ್ಧದಿನ ಬೆಂಚಿನ ಮೇಲೆ ಕೂತಿದ್ದು ಹೋದರಂತೆ. ಕಣ್ಣಿಗೆ ಪೊರೆ ಬಂದಿದೆ, ಒಬ್ಬರೇ ಬರುವುದು ಕಷ್ಟ ಎಂದು ಅಟೆಂಡರಿಗೆ ಹೇಳಿದ್ದರು. ಮತ್ತೆ ಬರಲಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದಾಗ ನಾನೂ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ತಿಥಿಯ ಮರುದಿನ ಹನೂರಿಗೆ ಹೋದೆ. ಮನೆ ದಾರಿ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವರ ಮನೆಗೆ ಒಮ್ಮೆಯೂ ಹೋಗಿರಲಿಲ್ಲ ಎನ್ನುವುದು ಆಗ ಹೊಳೆದು ನಾಚಿಕೆಯಾಯಿತು. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟರು. ಗೋಡೆಯ ಮೊಳೆಯಲ್ಲಿ ದಬ್ಬಣ ನೇತಾಡುತ್ತಿತ್ತು. ಅದರ ಕಣ್ಣಿನಲ್ಲಿ ನೂಲು ಇನ್ನೂ ಪೋಣಿಸಿದಂತೆಯೇ ಇತ್ತು.

“ನಿಮ್ಮ ಮಾತೇ ಯಾವಾಗ್ಲೂವೆ” ಎಂದರು ಆಕೆ. “ನಾಳೆ ಪಿಂಚಣಿ ಅಂದ್ರೆ ಇವತ್ತು ಬಾಗ್ಲಲ್ಲಿ ಕುಂತು ಗ್ಯಾನ ಮಾಡ್ಕಳೋರು. ಮೇಡಂಗೆ ನಾಳೆ ಯಾವುದು ಏಳ್ಲಿ, ಎಲ್ಲಿಂದ ಸುರು ಮಾಡ್ಲಿ ಅಂತ. ನನ್ನೂ ಕೇಳೋರು, ಆ ಬಾವಿ ಯಾವ ಬೀದೀಲಿತ್ತು, ಈ ಕಟ್ಟೆ ಯಾರು ಕಟ್ಸುದ್ದು ಅಂತ. ಪುಸ್ತ್ಕ ಕಳ್ದೋದ್ಮ್ಯಾಲೆ ಅದೊಂದೇ ಗ್ಯಾನ.”

ಕಾಫಿ ಲೋಟ ಕೈಯಲ್ಲೇ ಉಳಿಯಿತು. “ಪುಸ್ತಕ ಹೋಗಿದ್ದು ಅವರಿಗೆ ಗೊತ್ತಿತ್ತೇ?”

“ಗೊತ್ತಿಲ್ದೆ ಏನವ್ವ? ಚೀಲಕ್ಕಾಕಿ ಒಲ್ದೋರೇ ಅವ್ರಲ್ವಾ.”

ಬ್ಯಾಂಕು ಸಾಗಿಸುವ ದಿನ ಅವರು ಯಾರೂ ಕರೆಯದಿದ್ದರೂ ಸಂತೆಬೀದಿಗೆ ಹೋಗಿದ್ದರಂತೆ. ಹೊಸ ಅಟೆಂಡರಿಗೆ ಗೋಣಿಚೀಲ ಹೊಲಿಯಲು ಬರುವುದಿಲ್ಲ ಎಂದು ತಾವೇ ದಬ್ಬಣ ಹಿಡಿದು ಕೂತರಂತೆ. ಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಗುರುತು ಹಾಕುತ್ತಾ ಚೀಲಕ್ಕೆ ತುಂಬುತ್ತಿದ್ದಾಗ ಹಳದಿ ಗಂಟು ಬಂತು. ಪಟ್ಟಿ ನೋಡಿದರು. ಅದರಲ್ಲಿ ಇತ್ತು. ಸಹಿ ನೋಡಿದರು.

“ತಗ್ದು ಮಡೀಕಬಾರ್ದಾ ಅಂದೆ ನಾನು. ಸೈನ್ ಆದ್ಮ್ಯಾಲೆ ತಗ್ಯಂಗಿಲ್ಲ ಕನಾ ಅಂದ್ರು. ಅವತ್ತು ಉಣ್ನಿಲ್ಲ. ಆಮೇಲೊಂದಿನ ಪಿಂಚಣಿ ತಕ್ಕಂಡು ಬಂದು ನಗಾಡ್ತಾ ಏಳುದ್ರು, ಮೇಡಂ ಪುಸ್ತ್ಕ ಭದ್ರವಾಗದ ಅಂದ್ರು ಕನಾ, ಪಾಪ ಅವ್ರಿಗೆ ಗೊತ್ತೇ ಇಲ್ಲ, ಅವ್ರು ಸುಳ್ಳೇಳೋರಲ್ಲ, ನಾ ಏಳುದ್ರೆ ನೊಂದ್ಕತಾರೆ ಅಂತ. ನಂಗೆ ಬರ್ಯಕೆ ಕಣ್ಣು ಕಾಣಕಿಲ್ಲ, ಬಾಯಲ್ಲೇ ಒಂದೊಂದಾಗಿ ಏಳ್ಬುಡ್ತೀನಿ, ಅವ್ರು ಓದ್ದೋರು, ಬರ್ಕತಾರೆ ಅಂತಿದ್ರು.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, “ಬರ್ಕಂಡಿದ್ದೀರಲ್ಲವ್ವ?”

ನಾಲ್ಕು ವರ್ಷ, ತಿಂಗಳಿಗೊಂದು. ಆ ಮನುಷ್ಯ ನೀರಿನಲ್ಲಿ ಕರಗಿಹೋದ ಪುಸ್ತಕವನ್ನು ನನ್ನ ಮೇಜಿನ ಮುಂದೆ ನಿಂತು ಮತ್ತೆ ಬರೆಸುತ್ತಿದ್ದರು. ನಾನು ಇಲ್ಲದ ಪುಸ್ತಕವನ್ನು ತೋರಿಸಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈ ಸಲ ಸುಳ್ಳು ಹೇಳಲಿಲ್ಲ. ಬರೆದುಕೊಳ್ಳಲಿಲ್ಲ ಎಂದೆ. ಸಹಿ ಹಾಕುವಾಗ ಓದಿರಲಿಲ್ಲ, ಪುಸ್ತಕ ಹೋದದ್ದು ನನಗೆ ಗೊತ್ತಿತ್ತು ಎಂದೂ ಹೇಳಿದೆ. ಆಕೆ ನನ್ನ ಕೈಯಿಂದ ಲೋಟ ತೆಗೆದುಕೊಂಡು, “ಆರೋಗದ, ಬಿಸಿ ಮಾಡ್ಕಬತ್ತೀನಿ” ಎಂದು ಒಳಗೆ ಹೋದರು.

ವಾಪಸ್ಸು ಬಸ್ಸಿಗೆ ಬ್ಯಾಂಕ್ ಸ್ಟಾಪಿನಲ್ಲಿ ನಿಂತಿದ್ದೆ. ಕೌದಳ್ಳಿ ಬಸ್ಸು ಬಂತು, ಕಂಡಕ್ಟರು ಕೂಗಿದ, ನಾಲ್ಕೈದು ಜನ ಇಳಿದರು. ಅವರಲ್ಲಿ ಒಬ್ಬಾಕೆ, ನಡುವಯಸ್ಸಿನವಳು, ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಬುಕ್ ಹಿಡಿದವಳು, ಬೇಕರಿಯನ್ನೂ ರಸ್ತೆಯನ್ನೂ ನೋಡಿ ನನ್ನ ಹತ್ತಿರ ಬಂದಳು.

“ಅಕ್ಕಾ, ಬ್ಯಾಂಕು ಅಂತ ಇಳಿಸ್ಬುಟ್ಟ. ಬ್ಯಾಂಕೆಲ್ಲದ?”

ಮುಖ್ಯರಸ್ತೆಯ ದಾರಿ ತೋರಿಸಿದೆ.

“ಮತ್ತೆ ಇದ್ಕ್ಯಾಕೆ ಬ್ಯಾಂಕು ಅಂತಾರೆ?”

“ಮೊದಲು ಇಲ್ಲೇ ಇತ್ತು. ಊರಿನಲ್ಲಿ ಯಾರೂ ಮನೆ ಕೊಡದೆ ಇದ್ದಾಗ ಒಬ್ಬ ಹೆಂಗಸು ತನ್ನ ಪಡಸಾಲೆ ಬಿಟ್ಟುಕೊಟ್ಟಳು. ತಾನು ಹಿಂದೆ ಅಡುಗೆಮನೆಯಲ್ಲಿದ್ದಳು.”

ಅವಳು ಬೇಕರಿಯತ್ತ ತಿರುಗಿ ಒಂದು ಕ್ಷಣ ನಿಂತಳು. ಅಲ್ಲಿ ಇನ್ನೂ ಆ ಮನೆ ಇದೆಯೇನೋ ಎನ್ನುವಂತೆ ನೋಡಿದಳು.

“ಏನಂತೆ ಆವಮ್ಮನ ಎಸ್ರು?” ಎಂದಳು.